ಐದು ವರ್ಷ ನುಂಗಿದ ಮಾತ್ರೆ ಈಗೇಕೆ ಬೇಡ?

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ಮೂಳೆ ಟೊಳ್ಳಾಗಿದೆ ಎಂದು ಐದು ವರ್ಷಗಳಿಂದ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ನುಂಗುತ್ತಿದ್ದಾರೆ. ಒಂದು ವಾರವೂ ತಪ್ಪಿಸಬೇಡಿ ಎಂದಿದ್ದ ವೈದ್ಯರೇ ಈಗ ಸ್ವಲ್ಪ ಕಾಲ ನಿಲ್ಲಿಸೋಣ ಎನ್ನುತ್ತಾರೆ. ಹಾಗಾದರೆ ಮೊದಲು ಹೇಳಿದ್ದು ತಪ್ಪೇ?
– ಓದುಗರು, ಚಳ್ಳಕೆರೆ

ತಪ್ಪಲ್ಲ. ಈ ಔಷಧ ಮೂಳೆಯೊಳಗೆ ಸೇರಿ ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ. ನುಂಗುವುದನ್ನು ಬಿಟ್ಟ ಮೇಲೂ ಒಂದಷ್ಟು ಕಾಲ ಕೆಲಸ ಮಾಡುತ್ತದೆ. ಐದು ವರ್ಷಕ್ಕೆ ನಿಲ್ಲಿಸಿದವರನ್ನೂ ಹತ್ತು ವರ್ಷ ಮುಂದುವರಿಸಿದವರನ್ನೂ ಹೋಲಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ನೋವಿನಿಂದ ಗೊತ್ತಾಗುವಂಥ ಬೆನ್ನುಮೂಳೆ ಮುರಿತ ಮುಂದುವರಿಸಿದವರಲ್ಲಿ ಕಡಿಮೆಯಿತ್ತು, ಉಳಿದ ಮೂಳೆಗಳ ವಿಷಯದಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಬಹುಕಾಲ ನುಂಗಿದವರಲ್ಲಿ ಅಪರೂಪಕ್ಕೆ ತೊಡೆಮೂಳೆ ದೊಡ್ಡ ಪೆಟ್ಟಿಲ್ಲದೆಯೇ ಮುರಿಯುವುದೂ ಕಂಡುಬಂತು. ಹೀಗಾಗಿ ಮುರಿತದ ಅಪಾಯ ಕಡಿಮೆಯಿರುವವರಿಗೆ ಈಗ ಬಿಡುವು ಕೊಡುತ್ತಾರೆ.

ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಚುಚ್ಚುಮದ್ದಿಗೆ ಮಾತ್ರ ಈ ಲೆಕ್ಕ ನಡೆಯದು. ಬದಲಿ ಔಷಧವಿಲ್ಲದೆ ಅದನ್ನು ನಿಲ್ಲಿಸಿದರೆ ಬೆನ್ನುಮೂಳೆಗಳು ಒಂದರ ಹಿಂದೊಂದು ಮುರಿಯಬಹುದು. ಅಮೆರಿಕದಲ್ಲಿ 2010ರಲ್ಲಿ ಒಪ್ಪಿಗೆ ಪಡೆದ ಔಷಧವಿದು. ಈ ಅಪಾಯ ಸ್ಪಷ್ಟವಾಗಲು ಇನ್ನೂ ಹಲವು ವರ್ಷ ಹಿಡಿಯಿತು. ಅದಕ್ಕೂ ಮೊದಲು ಓದು ಮುಗಿಸಿದ ವೈದ್ಯರ ಪಠ್ಯಪುಸ್ತಕದಲ್ಲಿ ಅದು ಇರುವುದಾದರೂ ಹೇಗೆ?

ನಿಮ್ಮ ಸೀಮೆಯವರು ತಿಳಿದಿರಲೇಬೇಕಾದ ಇನ್ನೊಂದು ಸಂಗತಿಯಿದೆ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಇದೇ ಫ್ಲೋರೈಡನ್ನು ಒಂದು ಕಾಲದಲ್ಲಿ ಮೂಳೆ ಗಟ್ಟಿಯಾಗಲೆಂದು ಔಷಧವಾಗಿ ಕೊಡುತ್ತಿದ್ದರು! 202 ಮಹಿಳೆಯರ ಮೇಲೆ ನಾಲ್ಕು ವರ್ಷ ನಡೆದ ಪರೀಕ್ಷೆಯ ಫಲಿತಾಂಶ 1990ರಲ್ಲಿ ಹೊರಬಂತು: ಬೆನ್ನುಮೂಳೆಯ ಸಾಂದ್ರತೆ ಶೇ 35ರಷ್ಟು ಏರಿತ್ತು, ಆದರೆ ಅಲ್ಲಿನ ಮುರಿತ ಗಣನೀಯವಾಗಿ ಇಳಿದಿರಲಿಲ್ಲ, ಬೇರೆ ಮೂಳೆಗಳ ಮುರಿತವಂತೂ ಹೆಚ್ಚಿತ್ತು. ಆದ್ದರಿಂದ ಅಂಥ ನೀರು ಕುಡಿದು ಬೆಳೆದವರ ಸ್ಕ್ಯಾನ್ ವರದಿಯಲ್ಲಿ ‘ಸಾಂದ್ರತೆ ಚೆನ್ನಾಗಿದೆ’ ಎಂದಿದ್ದರೆ ಅಷ್ಟಕ್ಕೇ ನಿಶ್ಚಿಂತರಾಗುವಂತಿಲ್ಲ. ಮನೆಗೆ ಯಾವ ನೀರು ಬರುತ್ತದೆ ಎಂದು ವೈದ್ಯರು ಕೇಳದಿದ್ದರೆ ನೀವೇ ಹೇಳಿ.

ವೈದ್ಯರು ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಹೊಸ ವಿಷಯ ಕಲಿಯುವ ಸಭೆಗಳಲ್ಲಿ ಭಾಗವಹಿಸಬೇಕು ಎಂದು 2002ರ ವೈದ್ಯಕೀಯ ನೀತಿ ನಿಯಮಾವಳಿ ಹೇಳಿತು. ಅಂದರೆ ವರ್ಷಕ್ಕೆ ಆರು ಗಂಟೆ. ದಾವಣಗೆರೆಯಲ್ಲಿ ಒಂದು ಮದುವೆ ಮುಗಿಸಿ ಬರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು! ಆ ಆರು ಗಂಟೆಯಲ್ಲೇ ಸಕ್ಕರೆ ಕಾಯಿಲೆ, ಹೃದಯ, ಜ್ವರ, ಕೀಲುವಾತ ಎಲ್ಲವೂ ಬರಬೇಕು. ಹಾಗಾಗಿ, ಹೊಸದನ್ನು ಓದಿ ತಮ್ಮ ಮಾತನ್ನೇ ತಿದ್ದಿಕೊಂಡ ವೈದ್ಯರ ಮೇಲೆ ನನಗಂತೂ ಗೌರವ ಹೆಚ್ಚು.

ಮುಂದಿನ ಬಾರಿ ಹೋಗುವಾಗ ಹಳೆಯ ಚೀಟಿಗಳನ್ನೆಲ್ಲ ಒಯ್ಯಿರಿ. ತಾಯಿಯವರ ಎತ್ತರ ಕುಗ್ಗಿದೆಯೇ, ಹಿಂದೆ ಮೂಳೆ ಮುರಿದಿತ್ತೇ, ಕೀಲುನೋವಿಗೆಂದು ಸ್ಟೀರಾಯ್ಡ್ ಮಾತ್ರೆ ನುಂಗಿದ್ದರೇ ಎಂಬುದನ್ನು ತಿಳಿಸಿ. ಇವುಗಳಲ್ಲಿ ಒಂದು ಹೌದಾದರೂ ಬಿಡುವಿನ ಲೆಕ್ಕ ಬದಲಾಗಬಹುದು. ಮತ್ತೆ ಯಾವಾಗ ಪರೀಕ್ಷಿಸಬೇಕು ಎಂಬುದನ್ನೂ ಚೀಟಿಯಲ್ಲೇ ಬರೆಸಿಕೊಳ್ಳಿ.