ಒಂದೂ ರೌಂಡ್ ಗೆಲ್ಲದೆ ಚಾಂಪಿಯನ್‌ಗೆ ಸಮ ಬರೋದು ಹೇಗೆ?

ಓದುಗರ ಪ್ರಶ್ನೆ: 2019ರ ವರ್ಲ್ಡ್ ರ‍್ಯಾಲಿಕ್ರಾಸ್ ಪಾಯಿಂಟ್ ಪಟ್ಟಿ ನೋಡಿದೆ. ಟಿಮ್ಮಿ ಹಾನ್ಸೆನ್ ನಾಲ್ಕು ರೌಂಡ್ ಗೆದ್ದಿದ್ದಾರೆ, 211 ಪಾಯಿಂಟ್. ಆಂಡ್ರಿಯಾಸ್ ಬಕ್ಕೆರುಡ್ ಒಂದೂ ಗೆದ್ದಿಲ್ಲ, ಅವರಿಗೂ 211 ಪಾಯಿಂಟ್. ಪಟ್ಟಿಯಲ್ಲೇ ಏನೋ ಎಡವಟ್ಟಾಗಿದೆಯಾ?

ಎಡವಟ್ಟೇನೂ ಇಲ್ಲ, ಪಟ್ಟಿ ಸರಿಯಾಗೇ ಇದೆ. ರ‍್ಯಾಲಿಕ್ರಾಸ್ ಅಂದರೆ ಡಾಂಬರು, ಮಣ್ಣು ಎರಡೂ ಇರುವ ಚಿಕ್ಕ ಟ್ರ್ಯಾಕ್‌ನಲ್ಲಿ ನಡೆಯುವ ಕಾರು ರೇಸ್. ಆ ಕಾಲದ ನಿಯಮದಲ್ಲಿ ಫೈನಲ್ ಗೆದ್ದವನಿಗೆ ಟ್ರೋಫಿ ಸಿಗುತ್ತಿತ್ತು, ಫೋಟೋದಲ್ಲಿ ನಡುವಿನ ಜಾಗ ಸಿಗುತ್ತಿತ್ತು. ಆದರೆ ಪಾಯಿಂಟ್‌ಗಳ ದೊಡ್ಡ ಪಾಲು ಫೈನಲ್‌ಗೆ ಮುಂಚೆಯೇ ಹಂಚಿಹೋಗಿರುತ್ತಿತ್ತು. ಟಿವಿಯಲ್ಲಿ ಫೈನಲ್ ಮಾತ್ರ ನೋಡಿದವರಿಗೆ ಸೀಸನ್ ಕೊನೆಯ ಪಟ್ಟಿ ಒಗಟಿನಂತೆ ಕಾಣೋದು ಅದಕ್ಕೇ.

ಒಂದು ರೌಂಡ್, ಅಂದರೆ ಒಂದು ವಾರಾಂತ್ಯ, ಹೇಗೆ ನಡೆಯುತ್ತಿತ್ತು ನೋಡೋಣ. ಶನಿವಾರ ಎರಡು ಹೀಟ್, ಭಾನುವಾರ ಬೆಳಿಗ್ಗೆ ಇನ್ನೆರಡು. ಒಂದು ಹೀಟ್ ಅಂದರೆ ಒಂದೇ ರೇಸ್ ಅಲ್ಲ. ಐದೈದು ಕಾರುಗಳ ಚಿಕ್ಕ ಚಿಕ್ಕ ರೇಸ್‌ಗಳು ಒಂದರ ಹಿಂದೆ ಒಂದು ನಡೆದು, ಎಲ್ಲ ಕಾರುಗಳೂ ಓಡಿ ಮುಗಿದಾಗ ಒಂದು ಹೀಟ್ ಮುಗಿದಂತೆ. ಪ್ರತಿ ರೇಸ್ ಬರೀ ನಾಲ್ಕು ಲ್ಯಾಪ್. ನಾಲ್ಕು ಹೀಟ್‌ಗಳ ಪಾಯಿಂಟ್ ಕೂಡಿಸಿ ಒಂದು ಪಟ್ಟಿ ಮಾಡುತ್ತಾರೆ. ಅದರಲ್ಲಿ ಮೊದಲ 12 ಮಂದಿ ಸೆಮಿಫೈನಲ್‌ಗೆ. ಆರಾರು ಕಾರುಗಳ ಎರಡು ಸೆಮಿಫೈನಲ್, ತಲಾ ಆರು ಲ್ಯಾಪ್. ಪ್ರತಿ ಸೆಮಿಯಿಂದ ಮೂವರು ಫೈನಲ್‌ಗೆ. ಫೈನಲ್ ಕೂಡ ಆರೇ ಲ್ಯಾಪ್, ಅದನ್ನು ಗೆದ್ದವನೇ ರೌಂಡ್ ಗೆದ್ದವನು. ಕಣ್ಣು ಮಿಟುಕಿಸಿದರೆ ಅರ್ಧ ಮುಗಿದಿರುತ್ತದೆ.

ಈಗ ಮುಖ್ಯ ವಿಷಯ. ಹೀಟ್‌ನಲ್ಲಿ ಯಾರು ಮೊದಲು ಗೆರೆ ದಾಟಿದರು ಅನ್ನೋದು ಲೆಕ್ಕಕ್ಕೇ ಬರೋದಿಲ್ಲ. ಲೆಕ್ಕಕ್ಕೆ ಬರೋದು ಗಡಿಯಾರ. ಎಲ್ಲ ರೇಸ್‌ಗಳ ಎಲ್ಲ ಕಾರುಗಳ ಸಮಯವನ್ನು ಒಂದೇ ಪಟ್ಟಿಯಲ್ಲಿ ಹಾಕುತ್ತಾರೆ. ಅತಿ ಕಡಿಮೆ ಸಮಯಕ್ಕೆ 50, ಎರಡನೆಯವನಿಗೆ 45, ಮೂರನೆಯವನಿಗೆ 42, ಹೀಗೆ ಇಳಿಯುತ್ತಾ ಹೋಗುತ್ತದೆ. ನಿಧಾನದ ಒಂದು ರೇಸನ್ನು ನೀವು ಗೆದ್ದಿರಿ ಅಂದುಕೊಳ್ಳಿ. ಮುಂದಿನ ರೇಸ್ ತುಂಬಾ ವೇಗವಾಗಿ ನಡೆದು, ಅದರಲ್ಲಿ ಮೂರನೆಯವನಾಗಿ ಬಂದವನ ಸಮಯ ನಿಮಗಿಂತ ಚೆನ್ನಾಗಿದ್ದರೆ ಅವನೇ ಮೇಲೆ, ನೀವು ಕೆಳಗೆ. ರೇಸ್ ಗೆದ್ದ ಖುಷಿಯಲ್ಲಿ ಕೈ ಎತ್ತಿದ ಚಾಲಕ ಹತ್ತು ನಿಮಿಷದ ನಂತರ ಪಟ್ಟಿ ನೋಡಿ ಸಪ್ಪಗಾಗೋದು ಇಲ್ಲಿ ಮಾಮೂಲಿ.

ಈ ಗಡಿಯಾರದ ಆಟ ಅರ್ಥವಾಗಬೇಕಾದರೆ ಜೋಕರ್ ಲ್ಯಾಪ್ ಹತ್ತಿರದಿಂದ ನೋಡಬೇಕು. ಟ್ರ್ಯಾಕ್‌ಗೆ ಒಂದು ಕವಲು ದಾರಿ ಇರುತ್ತದೆ. ಅದರಲ್ಲಿ ಹೋದರೆ ಮಾಮೂಲಿ ಲ್ಯಾಪ್‌ಗಿಂತ ಕನಿಷ್ಠ 2 ಸೆಕೆಂಡ್ ಜಾಸ್ತಿ ಹಿಡಿಯುತ್ತದೆ. ಪ್ರತಿ ರೇಸ್‌ನಲ್ಲಿ ಪ್ರತಿ ಚಾಲಕ ಒಂದು ಸಲ ಅದರಲ್ಲಿ ಹೋಗಲೇಬೇಕು. ಯಾವ ಲ್ಯಾಪ್‌ನಲ್ಲಿ ಅನ್ನೋದು ಅವನಿಷ್ಟ. ಹೀಟ್‌ನಲ್ಲಿ ಮರೆತರೆ 30 ಸೆಕೆಂಡ್ ದಂಡ. ಸೆಮಿಯಲ್ಲೋ ಫೈನಲ್‌ನಲ್ಲೋ ಮರೆತರೆ ಸೀದಾ ಕೊನೆಯ ಸ್ಥಾನ. ಹಸಿರು ದೀಪಕ್ಕೆ ಮುಂಚೆಯೇ ಕಾರು ಮುಂದಕ್ಕೆ ಜಾರಿತೋ, ಒಂದರ ಬದಲು ಎರಡು ಜೋಕರ್.

ಐದು ಕಾರುಗಳು ಒಂದೇ ಸಾಲಿನಲ್ಲಿ ನಿಂತಿವೆ. ಎರಡು ಲೀಟರ್ ಟರ್ಬೋ ಎಂಜಿನ್, ಸುಮಾರು 600 ಹಾರ್ಸ್‌ಪವರ್, ನಾಲ್ಕೂ ಚಕ್ರಕ್ಕೆ ಶಕ್ತಿ. ಗಂಟೆಗೆ 100 ಕಿ.ಮೀ. ಮುಟ್ಟೋಕೆ ಹತ್ತಿರ ಹತ್ತಿರ 2 ಸೆಕೆಂಡ್ ಸಾಕು. ಅಂದರೆ ಐದೂ ಕಾರುಗಳು ಹೆಚ್ಚುಕಮ್ಮಿ ಒಟ್ಟಿಗೇ ಮೊದಲ ತಿರುವಿಗೆ ನುಗ್ಗುತ್ತವೆ. ಅಲ್ಲಿ ಐದು ಕಾರಿಗೆ ಜಾಗ ಇರೋದಿಲ್ಲ. ಬಾಗಿಲಿಗೆ ಬಾಗಿಲು ಉಜ್ಜುತ್ತದೆ, ಬಂಪರ್ ಕಳಚಿ ಬೀಳುತ್ತದೆ. ಡಾಂಬರು ಮುಗಿದು ಮಣ್ಣು ಶುರುವಾಗುವ ಹೊತ್ತಿಗೆ ಹಿಂದಿನವನ ಗಾಜಿನ ಮೇಲೆ ದೂಳು, ಮಳೆ ಬಂದಿದ್ದರೆ ಕೆಸರು.

ಈಗ ನಾಲ್ಕನೇ ಸ್ಥಾನದಲ್ಲಿರುವವನು ಏನು ಮಾಡಬೇಕು? ಮುಂದಿನ ಮೂರು ಕಾರುಗಳ ಹಿಂದೆ ದೂಳು ಕುಡಿಯುತ್ತಾ ಕೂರಬಹುದು. ಇಲ್ಲವೇ ಮೊದಲ ಲ್ಯಾಪ್‌ನಲ್ಲೇ ಜೋಕರ್‌ಗೆ ತಿರುಗಿಬಿಡಬಹುದು. ತಿರುಗಿದರೆ 2 ಸೆಕೆಂಡ್ ಹೋಯಿತು ನಿಜ. ಆದರೆ ಹೊರಬಂದಾಗ ಮುಂದೆ ಯಾರೂ ಇಲ್ಲದ ಖಾಲಿ ಟ್ರ್ಯಾಕ್ ಸಿಗುತ್ತದೆ. ಮುಂದಿನವರು ಒಬ್ಬರನ್ನೊಬ್ಬರು ತಡೆಯುತ್ತಾ ಲ್ಯಾಪ್‌ಗೆ ಅರ್ಧ ಸೆಕೆಂಡ್ ಕಳೆದುಕೊಳ್ಳುತ್ತಿದ್ದರೆ, ಇವನು ಪೂರ್ತಿ ವೇಗದಲ್ಲಿ ಮೂರು ಲ್ಯಾಪ್ ಓಡಿಸುತ್ತಾನೆ. ಎತ್ತರದಲ್ಲಿ ನಿಂತು ಟ್ರ್ಯಾಕ್ ಗಮನಿಸುವ ತಂಡದವನು, ಅಂದರೆ ಸ್ಪಾಟರ್, ರೇಡಿಯೋದಲ್ಲಿ ‘ಈಗ ಬೇಡ, ಮುಂದಿನ ಲ್ಯಾಪ್’ ಅನ್ನುತ್ತಲೇ ಇರುತ್ತಾನೆ. ನನ್ನ ಕೇಳಿದರೆ ರ‍್ಯಾಲಿಕ್ರಾಸ್‌ನಲ್ಲಿ ಅರ್ಧ ಕೆಲಸ ಸ್ಪಾಟರ್‌ನದೇ, ಅವನ ಹೆಸರು ಮಾತ್ರ ಯಾರಿಗೂ ಗೊತ್ತಿರೋದಿಲ್ಲ.

ಗಮನಿಸಿ, ಹೀಟ್‌ನಲ್ಲಿ ಎದುರಾಳಿಯನ್ನು ಹಿಂದೆ ಹಾಕಲೇಬೇಕೆಂದಿಲ್ಲ. ಅವನ ಜೊತೆ ಗುದ್ದಾಡಿ ಸಮಯ ಹಾಳು ಮಾಡಿಕೊಳ್ಳದೆ ಇದ್ದರೆ ಸಾಕು. ಹೀಗಾಗಿ ತಣ್ಣಗೆ ಯೋಚಿಸುವ ಚಾಲಕ ಹೀಟ್‌ಗಳಲ್ಲಿ ಮೇಲಕ್ಕೆ ಬರುತ್ತಾನೆ. ಸ್ವಲ್ಪ ಅದೃಷ್ಟವೂ ಬೇಕು. ಮೊದಲ ಹೀಟ್‌ನಲ್ಲಿ ಯಾರು ಯಾರ ಜೊತೆ ಓಡಬೇಕು ಅನ್ನೋದು ಚೀಟಿ ಎತ್ತಿ ತೀರ್ಮಾನವಾಗುತ್ತದೆ. ಎರಡು ರೇಸ್‌ಗಳ ನಡುವೆ ಮಳೆ ಸುರಿದರೆ ಮುಗಿಯಿತು, ಮುಂಚೆ ಓಡಿದವನೇ ಪುಣ್ಯವಂತ.

ಇನ್ನು ಚಾಂಪಿಯನ್‌ಶಿಪ್ ಪಾಯಿಂಟ್‌ಗೆ ಬರೋಣ. ಮೇಲೆ ಹೇಳಿದ 50, 45 ಎಲ್ಲ ಹೀಟ್‌ಗಳ ಪಟ್ಟಿ ಮಾಡೋಕಷ್ಟೇ, ಸೀಸನ್ ಲೆಕ್ಕಕ್ಕೆ ಸೇರೋದಿಲ್ಲ. ಹೀಟ್‌ಗಳ ಒಟ್ಟು ಪಟ್ಟಿಯಲ್ಲಿ ಮೊದಲನೆಯವನಿಗೆ 16 ಚಾಂಪಿಯನ್‌ಶಿಪ್ ಪಾಯಿಂಟ್, ಎರಡನೆಯವನಿಗೆ 15, ಮೂರನೆಯವನಿಗೆ 14, ಹೀಗೆ 16ನೆಯವನಿಗೆ 1. ಸೆಮಿಫೈನಲ್‌ನಲ್ಲಿ 6, 5, 4, 3, 2, 1. ಫೈನಲ್‌ನಲ್ಲಿ 8, 5, 4, 3, 2, 1. ಎಲ್ಲ ಗೆದ್ದರೆ ಒಂದು ವಾರಾಂತ್ಯಕ್ಕೆ 30.

ಈಗ ಇಬ್ಬರು ಚಾಲಕರನ್ನು ಕಲ್ಪಿಸಿಕೊಳ್ಳಿ. ಒಬ್ಬ ಹೀಟ್‌ಗಳಲ್ಲಿ ಎಂಟನೆಯವನು, 9 ಪಾಯಿಂಟ್. ಸೆಮಿಯಲ್ಲಿ ಎರಡನೆಯವನು, 5. ಫೈನಲ್ ಗೆದ್ದ, 8. ಒಟ್ಟು 22. ಇನ್ನೊಬ್ಬ ಹೀಟ್‌ಗಳಲ್ಲಿ ಮೊದಲಿಗ, 16. ಸೆಮಿ ಗೆದ್ದ, 6. ಫೈನಲ್‌ನ ಮೊದಲ ತಿರುವಿನಲ್ಲೇ ಟೈರ್ ಹರಿದು ಕೊನೆಯವನಾದ, 1. ಒಟ್ಟು 23. ಟ್ರೋಫಿ ಎತ್ತಿದವನಿಗಿಂತ ಫೈನಲ್‌ನಲ್ಲಿ ಕೊನೆಗೆ ಬಂದವನಿಗೇ ಒಂದು ಪಾಯಿಂಟ್ ಜಾಸ್ತಿ!

ಇದರಿಂದ ಇನ್ನೊಂದು ಮಾತೂ ಹೊರಬರುತ್ತದೆ. ಫೈನಲ್‌ನಲ್ಲಿ ಎಲ್ಲ ಹಾಳಾದರೂ ಮೊದಲನೆಯವನಿಗೂ ಕೊನೆಯವನಿಗೂ ಇರುವ ಅಂತರ 7 ಪಾಯಿಂಟ್ ಮಾತ್ರ. ಹೀಟ್‌ಗಳಲ್ಲಿ ಹಾಳಾದರೆ ಹಾಗಲ್ಲ. 13ನೆಯವನಾದರೆ 4 ಪಾಯಿಂಟ್ ಕೈಗಿಟ್ಟು ಮನೆಗೆ ಕಳಿಸುತ್ತಾರೆ. ಅದೇ ವಾರಾಂತ್ಯ ಎದುರಾಳಿ ಎಲ್ಲವನ್ನೂ ಗೆದ್ದರೆ ಒಂದೇ ಏಟಿಗೆ 26 ಪಾಯಿಂಟ್ ಹಿಂದೆ. ಹತ್ತು ರೌಂಡ್‌ಗಳ ಸೀಸನ್‌ನಲ್ಲಿ ಅಂಥ ಒಂದು ಹೊಡೆತದಿಂದ ಚೇತರಿಸಿಕೊಳ್ಳೋದೇ ಕಷ್ಟ. ಎರಡು ಬಿದ್ದರೆ ಚಾಂಪಿಯನ್‌ಶಿಪ್ ಆಸೆ ಬಿಟ್ಟಂತೆಯೇ.

2019ಕ್ಕೆ ಬರೋಣ. ಆ ವರ್ಷ ಇದ್ದದ್ದು 10 ರೌಂಡ್, ಅಂದರೆ ಗರಿಷ್ಠ 300 ಪಾಯಿಂಟ್. 211 ಅಂದರೆ ರೌಂಡ್‌ಗೆ ಸರಾಸರಿ 21. ಈ 21 ಬರಬೇಕಾದರೆ ಏನು ಮಾಡಬೇಕು? ಹೀಟ್‌ಗಳಲ್ಲಿ ಮೂರನೇ ಸ್ಥಾನ 14, ಸೆಮಿಯಲ್ಲಿ ಎರಡನೇ ಸ್ಥಾನ 5, ಫೈನಲ್‌ನಲ್ಲಿ ಐದನೇ ಸ್ಥಾನ 2. ಒಟ್ಟು 21. ಪ್ರತಿ ವಾರಾಂತ್ಯ ಫೈನಲ್‌ನಲ್ಲಿ ಐದನೆಯವನಾಗಿಯೇ ಬಂದರೂ ಸೀಸನ್ ಕೊನೆಗೆ 210 ಆಗುತ್ತದೆ. ಬಕ್ಕೆರುಡ್ ಹತ್ತೂ ಸಲ ಹೀಗೇ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಗೆಲ್ಲದೆಯೂ ಅಲ್ಲಿಗೆ ತಲುಪೋದು ಅಂಥ ಪವಾಡವೇನಲ್ಲ ಅನ್ನೋದಕ್ಕೆ ಈ ಲೆಕ್ಕ. ಹನಿ ಹನಿ ಕೂಡಿದರೆ ಹಳ್ಳ, ಅಷ್ಟೇ. ಆದರೆ ಸೀಸನ್ ಉದ್ದಕ್ಕೂ ಆ ಹನಿ ನಿಲ್ಲದಂತೆ ನೋಡಿಕೊಳ್ಳೋದು ಸುಮ್ನೆ ಮಾತಲ್ಲ. 600 ಹಾರ್ಸ್‌ಪವರ್ ಕಾರು, ಮಣ್ಣು, ಪಕ್ಕದಲ್ಲಿ ಗುದ್ದಲು ಸಿದ್ಧವಿರುವ ನಾಲ್ಕು ಜನ.

ಇಬ್ಬರ ಹಣಾಹಣಿ ಮುಗಿದದ್ದು ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ, ಕಿಲಾರ್ನಿ ಟ್ರ್ಯಾಕ್‌ನಲ್ಲಿ. ಸೀಸನ್‌ನ ಕೊನೆಯ ರೌಂಡ್‌ನ ಕೊನೆಯ ರೇಸ್‌ವರೆಗೂ ಚಾಂಪಿಯನ್ ಯಾರೆಂದು ಗೊತ್ತಿರಲಿಲ್ಲ. ಆ ಫೈನಲ್‌ನಲ್ಲಿ ಸ್ವೀಡನ್ನಿನ ಹಾನ್ಸೆನ್ ಅವರ ಪ್ಯೂಜೋ 208, ನಾರ್ವೆಯ ಬಕ್ಕೆರುಡ್ ಅವರ ಆಡಿ ಎಸ್1, ಎರಡೂ ಒಂದಕ್ಕೊಂದು ತಾಗಿದವು. ಎಲ್ಲ ಮುಗಿದು ಕೂಡಿ ಕಳೆದು ನೋಡಿದರೆ 211–211. ಪಾಯಿಂಟ್ ಸಮವಾದರೆ ಯಾರು ಹೆಚ್ಚು ರೌಂಡ್ ಗೆದ್ದಿದ್ದಾರೆ ಅಂತ ನೋಡುತ್ತಾರೆ. ಹಾನ್ಸೆನ್ ನಾಲ್ಕು, ಬಕ್ಕೆರುಡ್ ಸೊನ್ನೆ. ಅಲ್ಲಿಗೆ ಮುಗಿಯಿತು. (ಟಿಮ್ಮಿ ಅವರ ತಂದೆ ಕೆನೆತ್ ಹಾನ್ಸೆನ್ 14 ಸಲ ಯುರೋಪಿಯನ್ ಚಾಂಪಿಯನ್. ಆ ಮನೆಯಲ್ಲಿ ಊಟದ ಹೊತ್ತಿಗೆ ಏನು ಮಾತಾಡುತ್ತಾರೋ ಊಹಿಸಿ.)

ಅಂದರೆ ಗೆಲುವಿಗೆ ಬೆಲೆ ಇಲ್ಲವೇ ಇಲ್ಲ ಅಂತಲ್ಲ. ಇತ್ತು, ಆದರೆ ಕಡಿಮೆ ಇತ್ತು. ಅದರ ಹಿಂದಿನ ವರ್ಷ, 2018ರಲ್ಲಿ, ಯೋಹಾನ್ ಕ್ರಿಸ್ಟೋಫರ್ಸನ್ 12 ರೌಂಡ್‌ಗಳಲ್ಲಿ 11 ಗೆದ್ದರು. ಹಾಗೆ ಗೆಲ್ಲುವವನು ಇದ್ದಾಗ ಪಾಯಿಂಟ್ ಪದ್ಧತಿ ಯಾವುದಿದ್ದರೂ ಒಂದೇ, ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ. 2019ರಲ್ಲಿ ಅವರು ಈ ಚಾಂಪಿಯನ್‌ಶಿಪ್‌ನಲ್ಲಿ ಓಡಲಿಲ್ಲ. ಗೆಲುವುಗಳು ಹಲವರ ನಡುವೆ ಹಂಚಿಹೋದವು. ಆಗಲೇ ನೋಡಿ ಹೀಟ್‌ಗಳ 16 ಪಾಯಿಂಟ್ ದೊಡ್ಡದಾಗಿ ಕಾಣಿಸಿದ್ದು.

ಇದು ನ್ಯಾಯವಾ ಅಂತ ಕೇಳಿದರೆ, ನನಗೆ ಆ ಹಳೇ ಪದ್ಧತಿಯೇ ಇಷ್ಟ. ಆರು ಲ್ಯಾಪ್‌ನ ಫೈನಲ್‌ನಲ್ಲಿ ಮೊದಲ ತಿರುವಿನಲ್ಲಿ ಯಾರೋ ಹಿಂದಿನಿಂದ ಗುದ್ದಿದರೆ ಎರಡು ದಿನದ ದುಡಿಮೆ ನೀರುಪಾಲಾಗಬಾರದು. ಹೀಟ್‌ಗಳು ಚಾಲಕನ ನಿಜವಾದ ವೇಗ ತೋರಿಸುತ್ತವೆ. ನಾಲ್ಕು ಸಲ ಅವಕಾಶ ಇರೋದರಿಂದ ಒಂದು ಕೈಕೊಟ್ಟರೂ ಇನ್ನು ಮೂರು ಉಳಿಯುತ್ತವೆ. ಆದರೆ ಎದುರು ವಾದಕ್ಕೂ ತೂಕ ಇದೆ. ಈ ಆಟ ಹುಟ್ಟಿದ್ದೇ ಟಿವಿಗಾಗಿ. 1967ರ ಫೆಬ್ರವರಿ 4ರಂದು ಇಂಗ್ಲೆಂಡಿನ ಲಿಡನ್ ಹಿಲ್‌ನಲ್ಲಿ ಮೊದಲ ರ‍್ಯಾಲಿಕ್ರಾಸ್ ನಡೆದದ್ದು ಶನಿವಾರದ ಟಿವಿ ಕಾರ್ಯಕ್ರಮಕ್ಕೆ. ಪೋರ್ಷೆ 911ರಲ್ಲಿ ವಿಕ್ ಎಲ್ಫರ್ಡ್ ಗೆದ್ದರು. ಟಿವಿ ಮುಂದೆ ಕೂತವರಿಗೆ ಮೊದಲು ಬಂದವನೇ ಗೆದ್ದವನು ಅನ್ನೋದು ಅರ್ಥವಾಗುತ್ತದೆ. ನಾಲ್ಕು ಹೀಟ್‌ಗಳ ಸಮಯದ ಪಟ್ಟಿ ಯಾರಿಗೆ ಬೇಕು, ಅಲ್ವಾ?

ಒಂದು ತಮಾಷೆ ಕೇಳಿ. 2021ರಲ್ಲಿ ಮತ್ತೆ ಪಾಯಿಂಟ್ ಸಮವಾಯಿತು. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಸೀಸನ್ ಮುಗಿದಾಗ ಕ್ರಿಸ್ಟೋಫರ್ಸನ್ ಮತ್ತು ಟಿಮ್ಮಿ ಹಾನ್ಸೆನ್ ಇಬ್ಬರಿಗೂ ಒಂದೇ ಪಾಯಿಂಟ್. ಮತ್ತೆ ಗೆಲುವುಗಳ ಲೆಕ್ಕ ನೋಡಿದರು. ಈ ಸಲ ಹೆಚ್ಚು ಗೆದ್ದಿದ್ದವರು ಕ್ರಿಸ್ಟೋಫರ್ಸನ್. ಎರಡು ವರ್ಷದ ಹಿಂದೆ ಹಾನ್ಸೆನ್‌ಗೆ ಪ್ರಶಸ್ತಿ ಕೊಟ್ಟ ನಿಯಮವೇ ಈಗ ಅವರ ಕೈಯಿಂದ ಕಿತ್ತುಕೊಂಡಿತು.

2022ರಲ್ಲಿ ಮುಖ್ಯ ವರ್ಗದ ಕಾರುಗಳು ಎಲೆಕ್ಟ್ರಿಕ್ ಆದವು. ಹೀಟ್‌ಗಳಿಗೂ ಸೆಮಿಗೂ ನಡುವೆ ಪ್ರೋಗ್ರೆಷನ್ ಅನ್ನೋ ಹೊಸ ಹಂತ ಬಂತು. ಪಾಯಿಂಟ್ ಲೆಕ್ಕವೂ ಬದಲಾಗಿ, ರೌಂಡ್ ಗೆದ್ದವನಿಗೆ 20 ಸಿಗುವಂತಾಯಿತು. ಹಾಗಾಗಿ ಪಟ್ಟಿ ನೋಡುವಾಗ ಮೊದಲು ವರ್ಷ ನೋಡಿ. 2014ರಿಂದ 2021ರವರೆಗಿನದಾದರೆ ಗೆಲುವಿನ ಕಾಲಂ ಬಿಟ್ಟು ಹೀಟ್‌ಗಳ ಕಾಲಂ ಹುಡುಕಿ, ಒಗಟು ಅಲ್ಲೇ ಬಿಡಿಸಿಕೊಳ್ಳುತ್ತದೆ. ಅದರ ನಂತರದ್ದಾದರೆ ಫೈನಲ್ ಫಲಿತಾಂಶ ನೋಡಿದರೆ ಬಹುಪಾಲು ಸಾಕು.