ಮನೆ ಸಿಕ್ಕರೆ ಓಟು: ಬರ್ನಡೆಟ್ ಡೆವ್ಲಿನ್ ಸಿಟ್ಟಿನ ಹಿನ್ನೆಲೆ

1972ರ ಜನವರಿ 31. ಬ್ರಿಟನ್ ಸಂಸತ್ತಿನಲ್ಲಿ 24 ವರ್ಷದ ಸಂಸದೆಯೊಬ್ಬರು ಎದ್ದು ಹೋಗಿ ಗೃಹಮಂತ್ರಿ ರೆಜಿನಾಲ್ಡ್ ಮಾಡ್ಲಿಂಗ್ ಕೆನ್ನೆಗೆ ಬಾರಿಸಿದರು. ಬರ್ನಡೆಟ್ ಡೆವ್ಲಿನ್ ಅಂದರೆ ಜಾಸ್ತಿ ಜನಕ್ಕೆ ನೆನಪಾಗುವುದು ಆ ಏಟೇ. ಅದರ ಹಿಂದಿನ ಕಥೆ ಮಾತ್ರ ಉತ್ತರ ಐರ್ಲೆಂಡಿನ ಮನೆ ಹಂಚಿಕೆಯಿಂದ ಶುರುವಾಗುತ್ತದೆ.

1960ರ ದಶಕದಲ್ಲೂ ಅಲ್ಲಿನ ಸ್ಥಳೀಯ ಚುನಾವಣೆಯಲ್ಲಿ ಎಲ್ಲರಿಗೂ ಓಟಿರಲಿಲ್ಲ. ತಮ್ಮ ಹೆಸರಲ್ಲಿ ಮನೆ ಇರಬೇಕು, ಸ್ವಂತದ್ದೋ ಬಾಡಿಗೆಯದೋ. ಅವರಿಗೂ ಅವರ ಗಂಡ ಅಥವಾ ಹೆಂಡತಿಗೂ ಓಟು. ಅಪ್ಪ ಅಮ್ಮನ ಜೊತೆ ಇರುವ ದೊಡ್ಡ ಮಕ್ಕಳಿಗೆ ಇಲ್ಲ. ಕಂಪನಿ ಇಟ್ಟವರಿಗೆ ಮಾತ್ರ ಒಂದಕ್ಕಿಂತ ಹೆಚ್ಚು! ಸರ್ಕಾರಿ ಮನೆ ಹಂಚುತ್ತಿದ್ದದ್ದು ಅದೇ ಚುನಾವಣೆಯಲ್ಲಿ ಗೆದ್ದವರ ಸ್ಥಳೀಯ ಕೌನ್ಸಿಲ್. ಹಾಗಾಗಿ ಒಂದು ಮನೆ ಕೊಟ್ಟರೆ ಎರಡು ಓಟು ಕೊಟ್ಟ ಹಾಗೆ. ಬ್ರಿಟನ್ ಜೊತೆಗೇ ಇರಬೇಕೆನ್ನುವ, ಹೆಚ್ಚಾಗಿ ಪ್ರೊಟೆಸ್ಟೆಂಟರೇ ಇದ್ದ ಯೂನಿಯನಿಸ್ಟ್ ಪಕ್ಷದ ಕೌನ್ಸಿಲ್‌ಗಳು ಕ್ಯಾಥೊಲಿಕರಿಗೆ ಮನೆ ಕೊಡಲು ಹಿಂದೆಮುಂದೆ ನೋಡಿದ್ದು ಸುಮ್ನೆ ಅಲ್ಲ. ಡೆರಿ ಊರಲ್ಲಿ ಕ್ಯಾಥೊಲಿಕರೇ ಜಾಸ್ತಿ ಇದ್ದರು. ವಾರ್ಡುಗಳ ಗಡಿ ಎಳೆದಿದ್ದ ಚಾಲಾಕಿಯಿಂದ ಆಡಳಿತ ಮಾತ್ರ ಯೂನಿಯನಿಸ್ಟರದೇ.

1968ರ ಜೂನಿನಲ್ಲಿ ಕ್ಯಾಲೆಡನ್ ಹಳ್ಳಿಯಲ್ಲಿ ಮಕ್ಕಳಿದ್ದ ಕ್ಯಾಥೊಲಿಕ್ ಕುಟುಂಬಗಳು ಕಾಯುತ್ತಿದ್ದಾಗ ಮದುವೆಯಾಗದ 19ರ ಪ್ರೊಟೆಸ್ಟೆಂಟ್ ಯುವತಿಗೆ ಮನೆ ಹೋಯಿತು. ಆಸ್ಟಿನ್ ಕರಿ ಎಂಬ ಶಾಸಕ ಆ ಮನೆಗೇ ನುಗ್ಗಿ ಕೂತರು. ಅಕ್ಟೋಬರ್ 5ರಂದು ಡೆರಿಯಲ್ಲಿ ಸಮಾನ ಹಕ್ಕು ಕೇಳಿ, ನಿಷೇಧ ಮುರಿದು ಹೊರಟ ಮೆರವಣಿಗೆ ಮೇಲೆ ಪೊಲೀಸರು ಲಾಠಿ ಬೀಸಿದರು. ಅದು ಟಿವಿಯಲ್ಲಿ ಬಂತು. ಮುಂದಿನದ್ದನ್ನು ತಡೆಯಲು ಯಾರಿಂದಲೂ ಆಗಲಿಲ್ಲ.

ಬರ್ನಡೆಟ್ ಆ ಮೆರವಣಿಗೆಯಲ್ಲಿದ್ದರು. ಕುಕ್ಸ್‌ಟೌನ್‌ನ ಬಡಗಿಯ ಮಗಳು, ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದವರು. ಅಪ್ಪ ಅಮ್ಮ ಇಬ್ಬರೂ ಆಗಲೇ ತೀರಿಕೊಂಡಿದ್ದರು. 1969ರ ಜನವರಿಯಲ್ಲಿ ಬೆಲ್‌ಫಾಸ್ಟ್‌ನಿಂದ ಡೆರಿಗೆ ನಡೆದ ವಿದ್ಯಾರ್ಥಿಗಳನ್ನು ಬರ್ನ್‌ಟಾಲೆಟ್ ಸೇತುವೆ ಹತ್ತಿರ ಕಲ್ಲು, ದೊಣ್ಣೆ ಹಿಡಿದವರು ಹೊಡೆದರು. ಏಟು ತಿಂದವರಲ್ಲಿ ಅವರೂ ಒಬ್ಬರು. ಏಪ್ರಿಲ್‌ನಲ್ಲಿ ಮಿಡ್ ಅಲ್‌ಸ್ಟರ್ ಉಪಚುನಾವಣೆ ಗೆದ್ದು 21ಕ್ಕೇ ಸಂಸದೆಯಾದರು.

ಅವರನ್ನು ಬರೀ ಕ್ಯಾಥೊಲಿಕರ ನಾಯಕಿ ಅಂದುಕೊಂಡವರಿಗೆ ಬೇಗ ನಿರಾಸೆಯಾಯಿತು. ಬಡ ಪ್ರೊಟೆಸ್ಟೆಂಟ್ ಕೂಲಿಯವನೂ ಅದೇ ವ್ಯವಸ್ಥೆಯಲ್ಲಿ ಸೊರಗುತ್ತಿದ್ದಾನೆ ಅನ್ನುವುದು ಅವರ ಸಮಾಜವಾದ. ನ್ಯೂಯಾರ್ಕ್ ಮೇಯರ್ ಗೌರವದಿಂದ ಕೊಟ್ಟ ನಗರದ ಕೀಲಿಯನ್ನು ಅವರು ಅಮೆರಿಕದ ಕಪ್ಪು ಜನರ ಹೋರಾಟದ ಸಂಘಟನೆ ಬ್ಲ್ಯಾಕ್ ಪ್ಯಾಂಥರ್ಸ್‌ಗೆ ಕಳಿಸಿಕೊಟ್ಟರು. ಹಣ ಕೊಡಲು ಬಂದಿದ್ದ ಐರಿಷ್ ಅಮೆರಿಕನ್ನರು ಸಿಡುಕಿದರು. ಗಲಭೆಗೆ ಪ್ರಚೋದಿಸಿದ ಆರೋಪದಲ್ಲಿ 1970ರಲ್ಲಿ ಜೈಲು. ಮರುವರ್ಷ ಮದುವೆಯಾಗದೆ ಮಗುವಾದಾಗ ಒಂದಷ್ಟು ಕ್ಯಾಥೊಲಿಕ್ ಬೆಂಬಲಿಗರೂ ದೂರ ಸರಿದರು.

ಆಮೇಲೆ ಬ್ಲಡಿ ಸಂಡೆ, 1972ರ ಜನವರಿ 30. ಡೆರಿಯಲ್ಲಿ ಮೆರವಣಿಗೆ ಹೊರಟವರ ಮೇಲೆ ಬ್ರಿಟಿಷ್ ಸೈನಿಕರು ಹಾರಿಸಿದ ಗುಂಡಿಗೆ ಅಂದೇ 13 ಜನ ಸತ್ತರು. ಕಣ್ಣಾರೆ ಕಂಡಿದ್ದ ಬರ್ನಡೆಟ್‌ಗೆ ಮರುದಿನ ಸದನದಲ್ಲಿ ಮಾತಾಡಲು ಅವಕಾಶ ಸಿಗಲಿಲ್ಲ. ಸೈನಿಕರು ಆತ್ಮರಕ್ಷಣೆಗೆ ಗುಂಡು ಹಾರಿಸಿದರು ಎಂದರು ಮಾಡ್ಲಿಂಗ್. ಆಗ ಬಿದ್ದದ್ದೇ ಆ ಏಟು. ಸತ್ತವರು ಅಮಾಯಕರು ಎಂದು ಸರ್ಕಾರ ಒಪ್ಪಿ ಕ್ಷಮೆ ಕೇಳಿದ್ದು 2010ರಲ್ಲಿ.

ಓಟಿನ ನಿಯಮ ಆ ಏಟಿಗೂ ಮೊದಲೇ ಬದಲಾಗಿತ್ತು. ಮನೆ ಹಂಚುವ ಕೆಲಸ 1971ರಲ್ಲಿ ಕೌನ್ಸಿಲ್‌ಗಳ ಕೈಯಿಂದ ಹೊಸ ಸಂಸ್ಥೆಯೊಂದಕ್ಕೆ ಹೋಯಿತು. ಬರ್ನಡೆಟ್ 1974ರಲ್ಲಿ ಸೀಟು ಕಳೆದುಕೊಂಡರು. 1981ರಲ್ಲಿ ಬಂದೂಕುಧಾರಿಗಳು ಮನೆಗೇ ನುಗ್ಗಿ ಅವರಿಗೂ ಗಂಡನಿಗೂ ಗುಂಡು ಹೊಡೆದರು. ಇಬ್ಬರೂ ಬದುಕಿದರು. 1998ರ ಶಾಂತಿ ಒಪ್ಪಂದವನ್ನೂ ಅವರು ವಿರೋಧಿಸಿದರು. ಡಂಗ್ಯಾನನ್‌ನಲ್ಲಿ ಅವರು ಕಟ್ಟಿ ಬೆಳೆಸಿದ ಸಂಸ್ಥೆ ನೆರವಾದದ್ದು ಹೊರಗಿನಿಂದ ಕೆಲಸ ಹುಡುಕಿ ಬಂದ ಕಾರ್ಮಿಕರಿಗೆ.