ಪೂರ್ವ ಆಫ್ರಿಕಾದ ಫ್ಲೋರೈಡ್ ನೀರು: ಮದ್ದು ಸಿಕ್ಕಿ ಬಹಳ ವರ್ಷವಾಯಿತು, ಆದರೂ ಯಾಕೆ ಹೀಗೆ?

ಇಥಿಯೋಪಿಯಾ, ಕೆನ್ಯಾ, ತಾಂಜಾನಿಯಾಗಳ ಕುಡಿಯುವ ನೀರಿನ ಬಗ್ಗೆ ಓದಲು ಕೂತರೆ ತಲೆ ಕೆಡುತ್ತದೆ. ಒಬ್ಬರು ಪಟಿಕ ಅಂತಾರೆ, ಇನ್ನೊಬ್ಬರು ಮೂಳೆ ಇದ್ದಿಲು ಅಂತಾರೆ, ಮತ್ತೊಬ್ಬರು ನ್ಯಾನೋ ಫಿಲ್ಟರ್ ಅಂತಾರೆ. ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡನ್ನು ಇವೆಲ್ಲವೂ ನೀರಿನಿಂದ ತೆಗೆಯುತ್ತವೆ. ಪ್ರಯೋಗಗಳೂ ಅದನ್ನೇ ಹೇಳುತ್ತವೆ. ಆದರೂ ಉತ್ತರ ತಾಂಜಾನಿಯಾದ ಅರುಷಾ ಸುತ್ತಲಿನ ಹಳ್ಳಿಗಳಲ್ಲಿ ಮಕ್ಕಳ ಹಲ್ಲು ಕಂದು ಬಣ್ಣದಲ್ಲೇ ಮೂಡುತ್ತಿದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರಿಗೆ ಆ ಹಲ್ಲಿನ ಗುರುತು ಬಿಡಿಸಿ ಹೇಳಬೇಕಿಲ್ಲ.

ಮೊದಲು ನೆಲದ ವಿಷಯ. ಇಥಿಯೋಪಿಯಾದಿಂದ ತಾಂಜಾನಿಯಾದವರೆಗೆ ಭೂಮಿ ಸೀಳಿಕೊಂಡು ಹೋಗಿರುವ ರಿಫ್ಟ್ ಕಣಿವೆ ಜ್ವಾಲಾಮುಖಿಗಳ ನಾಡು. ಅಲ್ಲಿನ ಬಂಡೆ, ಬೂದಿಗಳಲ್ಲಿ ಫ್ಲೋರೈಡ್ ಜಾಸ್ತಿ. ಆದರೆ ಬಂಡೆಯಲ್ಲಿದ್ದ ಮಾತ್ರಕ್ಕೆ ಅದು ನೀರಿಗೆ ಬರಬೇಕೆಂದಿಲ್ಲ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಹಿಡಿದು ಕ್ಯಾಲ್ಸಿಯಂ ಫ್ಲೋರೈಡ್ ಆಗಿ ತಳಕ್ಕೆ ಕೂರಿಸುತ್ತದೆ. ರಿಫ್ಟ್ ಕಣಿವೆಯ ಅಂತರ್ಜಲದಲ್ಲಿ ಸೋಡಿಯಂ, ಬೈಕಾರ್ಬನೇಟ್ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಹೀಗಾಗಿ ಫ್ಲೋರೈಡ್ ಕರಗಿಕೊಂಡೇ ಉಳಿಯುತ್ತದೆ. ಕೆನ್ಯಾದ ನಕೂರು ಸರೋವರದಲ್ಲಿ ಲೀಟರಿಗೆ 2800 ಮಿಲಿಗ್ರಾಂವರೆಗೆ ಸಿಕ್ಕಿದ ದಾಖಲೆ ಇದೆ. ಆ ನೀರನ್ನು ಯಾರೂ ಕುಡಿಯುವುದಿಲ್ಲ, ಸರಿ. ಆದರೆ ಬಾವಿಗಳಲ್ಲಿ 5, 10 ಮಿಲಿಗ್ರಾಂ ಇರುವುದು ಮಾಮೂಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 1.5.

ಕಾಯಿಲೆಯ ಮೂಲ ಹಿಡಿಯಲು ಹೊತ್ತು ಹಿಡಿಯಿತು. ಅಮೆರಿಕದ ಕೊಲರಾಡೊದಲ್ಲಿ ದಂತವೈದ್ಯರೊಬ್ಬರು 1901ರಲ್ಲಿ ಕಂದು ಹಲ್ಲು ಕಂಡರು, 1931ರಲ್ಲಿ ಕಾರಣ ಫ್ಲೋರೈಡ್ ಎಂದಾಯಿತು, 1937ರಲ್ಲಿ ನೆಲ್ಲೂರು ಜಿಲ್ಲೆಯಿಂದ ಮೂಳೆ ಬಾಗಿಸುವ ಫ್ಲೋರೋಸಿಸ್‌ನ ವರದಿ ಬಂತು. ಅಲ್ಲಿಗೆ ವಿಜ್ಞಾನದ ಮೊದಲ ಅಧ್ಯಾಯ ಮುಗಿಯಿತು.

ಆಫ್ರಿಕಾದಲ್ಲಿ ಇದು ಕಣ್ಣಿಗೆ ಹೊಡೆದಂತೆ ಕಂಡಿದ್ದು ಇಥಿಯೋಪಿಯಾದ ವೊಂಜಿಯಲ್ಲಿ. 1950ರ ದಶಕದಲ್ಲಿ ಅಲ್ಲಿ ಡಚ್ ಕಂಪನಿಯೊಂದರ ಸಕ್ಕರೆ ಕಾರ್ಖಾನೆ, ಕಬ್ಬಿನ ತೋಟ ಶುರುವಾದವು. ಕೂಲಿಕಾರರು ದೂರದೂರದಿಂದ ಬಂದರು. ತೋಟದ ಬಾವಿ ನೀರು ಕುಡಿದರು. ವರ್ಷಗಳು ಉರುಳಿದ ಮೇಲೆ ಬೆನ್ನು ಬಾಗಿತು, ಕುತ್ತಿಗೆ ತಿರುಗದಾಯಿತು, ಕೆಲವರಿಗೆ ನರ ಒತ್ತಿ ಕಾಲಿನ ಸ್ವಾಧೀನವೇ ತಪ್ಪಿತು. ಆಕ್ಟಿವೇಟೆಡ್ ಅಲ್ಯೂಮಿನಾ ಎಂಬ ಪದಾರ್ಥ ತುಂಬಿದ ಶುದ್ಧೀಕರಣ ಘಟಕಗಳನ್ನು ಹಾಕಿದರು. ಅಲ್ಯೂಮಿನಾ ಹೊರದೇಶದಿಂದ ಬರಬೇಕಿತ್ತು. ಅದರಲ್ಲಿ ಫ್ಲೋರೈಡ್ ತುಂಬಿದ ಮೇಲೆ ಕಾಸ್ಟಿಕ್ ಸೋಡಾದಿಂದ ತೊಳೆಯಬೇಕಿತ್ತು. ತೊಳೆಯಲು ಬಲ್ಲವರು ಬೇಕಿತ್ತು. ಈ ಮೂರು ‘ಬೇಕಿತ್ತು’ಗಳು ಇಡೀ ಕತೆಯಲ್ಲಿ ಮತ್ತೆ ಮತ್ತೆ ಬರುತ್ತವೆ.

ಮುಂದಿನ ತಿರುವು ವಿಚಿತ್ರ. 1981ರಿಂದ 1990ರವರೆಗೆ ವಿಶ್ವಸಂಸ್ಥೆಯ ಕುಡಿಯುವ ನೀರಿನ ದಶಕ. ಕೆರೆ, ತೆರೆದ ಬಾವಿಗಳ ನೀರಿನಿಂದ ಕಾಲರಾ, ಭೇದಿ ಬರುತ್ತದೆ, ಕೊಳವೆಬಾವಿ ತೋಡಿ ಅಂದರು. ತಪ್ಪೇನಿರಲಿಲ್ಲ, ಮಕ್ಕಳು ಸಾಯುತ್ತಿದ್ದದ್ದು ಭೇದಿಯಿಂದಲೇ. ಆದರೆ ರಿಫ್ಟ್ ಕಣಿವೆಯಲ್ಲಿ ಆಳಕ್ಕೆ ಹೋದಷ್ಟೂ ಎಷ್ಟೋ ಕಡೆ ಬಿಸಿ ನೀರು, ಜಾಸ್ತಿ ಫ್ಲೋರೈಡ್. ರೋಗಾಣು ಇಲ್ಲದ ನೀರು ಬಂತು, ಅದರ ಜೊತೆ ಇದೂ ಬಂತು. ನಮ್ಮ ಉತ್ತರ ಕರ್ನಾಟಕದಲ್ಲೂ ನಾರುಹುಣ್ಣಿನ ಕಾಟಕ್ಕೆ ಮೆಟ್ಟಿಲುಬಾವಿ ಬಿಟ್ಟು ಬೋರ್‌ವೆಲ್‌ಗೆ ಹೊರಳಿದ್ದು ಹೆಚ್ಚುಕಡಿಮೆ ಅದೇ ಕಾಲಕ್ಕೆ. ಇನ್ನು ತಾಂಜಾನಿಯಾ 1970ರ ದಶಕದಲ್ಲೇ ತಾತ್ಕಾಲಿಕ ಮಿತಿ ಎಂದು ಲೀಟರಿಗೆ 8 ಮಿಲಿಗ್ರಾಂ ಇಟ್ಟುಕೊಂಡಿತ್ತು. 1.5 ಅಂದರೆ ಎಷ್ಟೋ ಊರುಗಳ ನಲ್ಲಿಯನ್ನೇ ಮುಚ್ಚಬೇಕಾಗುತ್ತಿತ್ತು. ತಾತ್ಕಾಲಿಕ ಅಂದದ್ದು ದಶಕಗಳ ಕಾಲ ಉಳಿಯಿತು. ನಂತರ 4ಕ್ಕೆ ಇಳಿಯಿತು, ಈಗ 1.5.

ಇಲ್ಲಿ ಭಾರತ ಕತೆಯೊಳಗೆ ಬರುತ್ತದೆ. ನಾಗಪುರದ ‘ನೀರಿ’ (NEERI) ಎಂಬ ಪರಿಸರ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ನಲ್ಗೊಂಡ ವಿಧಾನ ಎಂಬುದನ್ನು ರೂಪಿಸಿತು. ನೀರಿಗೆ ಪಟಿಕ, ಸುಣ್ಣ, ಬ್ಲೀಚಿಂಗ್ ಪೌಡರ್ ಹಾಕಿ ಕಲಕುವುದು, ಅಷ್ಟೇ. ಪಟಿಕದಿಂದ ಹತ್ತಿಯಂಥ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಉಂಡೆಗಟ್ಟಿ ಫ್ಲೋರೈಡನ್ನು ಅಂಟಿಸಿಕೊಂಡು ಕೆಳಗೆ ಕೂರುತ್ತದೆ. 1990ರ ದಶಕದಲ್ಲಿ ಅರುಷಾ ಬಳಿಯ ಙುರ್ಡೋಟೊ ಸಂಶೋಧನಾ ಕೇಂದ್ರದಲ್ಲಿ ಇದನ್ನು ಎರಡು ಬಕೆಟ್ಟಿನ ಮನೆಮಟ್ಟದ ವಿಧಾನವಾಗಿ ಮಾಡಿದರು. ಒಂದು ಬಕೆಟ್ಟಿನಲ್ಲಿ 20 ಲೀಟರ್ ನೀರು, ಅಳತೆ ಮಾಡಿದ ಪಟಿಕ, ಸುಣ್ಣ. ಕಲಕಿ, ಬಿಟ್ಟು, ಮೇಲಿನ ತಿಳಿಯನ್ನು ನಲ್ಲಿಯಿಂದ ಇನ್ನೊಂದು ಬಕೆಟ್ಟಿಗೆ. 10ರ ಆಸುಪಾಸಿನ ನೀರು 2ರ ಆಸುಪಾಸಿಗೆ ಇಳಿಯಿತು. ಕಡಿಮೆ ಸಾಧನೆಯಲ್ಲ. ಆದರೆ ಇದು ದಿನಾ ಮಾಡುವ ಕೆಲಸ. ಫ್ಲೋರೈಡ್ ಹೆಚ್ಚಿದ್ದಷ್ಟು ಪಟಿಕ ಹೆಚ್ಚು ಬೇಕು, ನೀರಿನಲ್ಲಿ ಸಲ್ಫೇಟ್ ಏರುತ್ತದೆ, ರುಚಿ ಕೆಡುತ್ತದೆ. ತಳದ ಗಸಿಯನ್ನು ಎಲ್ಲಿಗೆ ಸುರಿಯುವುದು ಎಂಬುದಕ್ಕೆ ಒಳ್ಳೆಯ ಉತ್ತರ ಸಿಗಲಿಲ್ಲ.

ಮೂಳೆ ಇದ್ದಿಲಿನ ಕತೆ ಹೆಚ್ಚು ಸ್ವಾರಸ್ಯದ್ದು. ಕೆನ್ಯಾದ ನಕೂರುವಿನಲ್ಲಿ ಕ್ಯಾಥೊಲಿಕ್ ಧರ್ಮಪ್ರಾಂತ್ಯದ ನೀರಿನ ಗುಣಮಟ್ಟ ವಿಭಾಗ 1998ರಿಂದ ಇದರ ಹಿಂದೆ ಬಿತ್ತು. ಕಸಾಯಿಖಾನೆಯ ದನದ ಮೂಳೆ ತಂದು, ಗಾಳಿ ಕಡಿಮೆ ಇರುವ ಗೂಡಿನಲ್ಲಿ ಸುಡುವುದು. ಮೂಳೆಯ ಮುಖ್ಯ ಖನಿಜ ಹೈಡ್ರಾಕ್ಸಿಅಪಟೈಟ್. ಅದರೊಳಗಿನ ಹೈಡ್ರಾಕ್ಸೈಡ್ ಜಾಗ ಬಿಟ್ಟರೆ ಫ್ಲೋರೈಡ್ ಬಂದು ಕೂರುತ್ತದೆ. ನಮ್ಮ ಮೂಳೆ, ಹಲ್ಲುಗಳಿಗೆ ಫ್ಲೋರೈಡ್ ಸೇರುವುದೂ ಇದೇ ದಾರಿಯಲ್ಲಿ. ಅಂದರೆ ಕಾಯಿಲೆ ತರುವ ರಸಾಯನಶಾಸ್ತ್ರವನ್ನೇ ದೇಹದ ಹೊರಗೆ ನಡೆಸುವುದು.

ಸುಡುವುದು ಸುಲಭದ ಕೆಲಸ ಅಂದುಕೊಂಡರೆ ಕೆಟ್ಟೆವು. ಬೆಂಕಿ ಸಾಲದಿದ್ದರೆ ಒಳಗೆ ಕೊಬ್ಬು, ಮಾಂಸದ ಅಂಶ ಉಳಿದು ನೀರಿಗೆ ವಾಸನೆ, ಬಣ್ಣ ಬರುತ್ತದೆ. ಒಮ್ಮೆ ಆ ವಾಸನೆ ಮೂಗಿಗೆ ಬಡಿದರೆ ಯಾವ ತಾಯಿ ಮಗುವಿಗೆ ಅದನ್ನು ಕುಡಿಸುತ್ತಾಳೆ? ಬೆಂಕಿ ಜಾಸ್ತಿಯಾದರೆ ಖನಿಜದ ರಚನೆಯೇ ಬದಲಾಗಿ ಫ್ಲೋರೈಡ್ ಹಿಡಿಯುವ ಶಕ್ತಿ ಕುಗ್ಗುತ್ತದೆ. 400ರಿಂದ 550 ಡಿಗ್ರಿ ಸೆಲ್ಸಿಯಸ್ ನಡುವೆ ಗಂಟೆಗಟ್ಟಲೆ ಹಿಡಿದಿಡಬೇಕು. ಬಣ್ಣ ನೋಡಿಯೇ ಅಂದಾಜು ಮಾಡಬಹುದು: ಕಪ್ಪಾಗಿದ್ದರೆ ಬೆಂದಿಲ್ಲ, ಅಚ್ಚ ಬಿಳಿಯಾಗಿದ್ದರೆ ಅತಿಯಾಗಿದೆ, ಬೂದು ಬಣ್ಣ ಸರಿ. ಇದು ಪುಸ್ತಕದ ಜೊತೆಗೆ ಕೈಯ ವಿದ್ಯೆಯೂ ಹೌದು.

ಇನ್ನೊಂದು ತೊಡಕು. ಮೂಳೆ ಇದ್ದಿಲಿನ ಕಾಳುಗಳು ಲಾಡ್ಜಿನ ರೂಮುಗಳ ಹಾಗೆ. ತುಂಬುವವರೆಗೆ ಬಂದವರಿಗೆಲ್ಲ ಜಾಗ, ತುಂಬಿದ ಮೇಲೆ ಫ್ಲೋರೈಡ್ ಹಾಗೇ ದಾಟಿ ಹೋಗುತ್ತದೆ. ಆಗಲೂ ನೀರು ತಿಳಿಯಾಗಿಯೇ ಕಾಣುತ್ತದೆ, ರುಚಿಯೂ ಬದಲಾಗುವುದಿಲ್ಲ. ನಾಲಿಗೆಗೆ, ಕಣ್ಣಿಗೆ ಗೊತ್ತಾಗದ ಈ ಕ್ಷಣವನ್ನು ಹಿಡಿಯಲು ಅಳೆಯಲೇಬೇಕು. ನಕೂರುವಿನವರು ಸ್ವಿಟ್ಜರ್ಲೆಂಡಿನ ಎವಾಗ್ ಎಂಬ ಜಲ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಇದಕ್ಕೊಂದು ಉಪಾಯ ಹುಡುಕಿದರು. ಇದ್ದಿಲಿನ ಜೊತೆ ಕ್ಯಾಲ್ಸಿಯಂ, ಫಾಸ್ಫೇಟ್ ಇರುವ ಗುಳಿಗೆಗಳನ್ನು ಬೆರೆಸಿದರು. ಗುಳಿಗೆ ನಿಧಾನವಾಗಿ ಕರಗುತ್ತದೆ, ಕ್ಯಾಲ್ಸಿಯಂ, ಫಾಸ್ಫೇಟ್ ಎರಡೂ ಫ್ಲೋರೈಡ್ ಜೊತೆ ಸೇರಿ ಇದ್ದಿಲಿನ ಮೇಲೆಯೇ ಹರಳಾಗುತ್ತವೆ. ಫಿಲ್ಟರಿನ ಆಯಸ್ಸು ಹಲವು ಪಟ್ಟು ಹೆಚ್ಚಿತು. ನಕೂರು ವಿಧಾನ ಎಂದು ಈಗ ಕರೆಯುವುದು ಇದನ್ನೇ.

ನನ್ನ ಪ್ರಕಾರ ಅಲ್ಲಿನ ನಿಜವಾದ ಬುದ್ಧಿವಂತಿಕೆ ಗುಳಿಗೆಯಲ್ಲಿಲ್ಲ. ಮೂಳೆ ಸುಡುವ ಗೂಡು, ಫಿಲ್ಟರ್ ಕಟ್ಟುವವರು, ನೀರು ಪರೀಕ್ಷಿಸುವ ಲ್ಯಾಬ್, ಹಳೆ ಇದ್ದಿಲು ಬದಲಿಸುವ ಸೇವೆ ಎಲ್ಲವೂ ಒಂದೇ ಊರಿನಲ್ಲಿದ್ದವು. ಕೊಟ್ಟು ಫೋಟೋ ತೆಗೆಸಿಕೊಂಡು ಹೋಗುವ ಕೆಲಸವಾಗಿರಲಿಲ್ಲ.

ಇಥಿಯೋಪಿಯಾಗೂ ಇದ್ದಿಲು ಹೋಯಿತು. ಅಲ್ಲಿ ‘ಯಾವ ಪ್ರಾಣಿಯ ಮೂಳೆ?’ ಎಂಬ ಪ್ರಶ್ನೆ ಎದ್ದಿತು. ಹಂದಿಯದ್ದಾಗಿದ್ದರೆ ಮುಸ್ಲಿಮರಿಗೂ ಆರ್ಥೊಡಾಕ್ಸ್ ಕ್ರೈಸ್ತರಿಗೂ ಆಗದು. ಭಾರತದಲ್ಲಂತೂ ಮೂಳೆ ಇದ್ದಿಲು ಹೆಚ್ಚೂಕಡಿಮೆ ಚರ್ಚೆಗೇ ಬರಲಿಲ್ಲ, ಕಾರಣ ಹೇಳಬೇಕಿಲ್ಲ ಅಲ್ವಾ? ಅಡಿಸ್ ಅಬಾಬಾ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರು ಬೇರೆ ದಾರಿ ಹಿಡಿದರು. ಆಮದು ಅಲ್ಯೂಮಿನಾ ಬೇಡ, ದೇಶದಲ್ಲೇ ತಯಾರಾಗುವ ಪಟಿಕದಿಂದ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಮಾಡಿ ಫಿಲ್ಟರಿಗೆ ಬಳಸೋಣ ಅಂದರು. ವೊಂಜಿಯ ಮೊದಲ ‘ಬೇಕಿತ್ತು’ಗೆ ಇದು ನೇರ ಉತ್ತರ.

ಆಮೇಲೆ ಸಂಶೋಧನಾ ಪ್ರಬಂಧಗಳ ಮಳೆ. ಬಾಳೆಸಿಪ್ಪೆ, ಭತ್ತದ ಹೊಟ್ಟು, ಜೇಡಿಮಣ್ಣು, ನುಗ್ಗೆಬೀಜ ಏನು ಬೇಕಾದರೂ ಸಿಗುತ್ತದೆ. ಎಷ್ಟೋ ಪ್ರಯೋಗಗಳಲ್ಲಿ ನೀರು ಅಂದರೆ ಡಿಸ್ಟಿಲ್ಡ್ ವಾಟರಿಗೆ ಸೋಡಿಯಂ ಫ್ಲೋರೈಡ್ ಬೆರೆಸಿದ್ದು. ರಿಫ್ಟ್ ಕಣಿವೆಯ ನಿಜವಾದ ನೀರಿನ ಪಿಎಚ್ (ಆಮ್ಲ, ಕ್ಷಾರದ ಅಳತೆ) 8ಕ್ಕಿಂತ ಮೇಲಿರುವುದು ಸಾಮಾನ್ಯ, ಜೊತೆಗೆ ಬೈಕಾರ್ಬನೇಟ್ ರಾಶಿ. ಅಲ್ಯೂಮಿನಾ ಚೆನ್ನಾಗಿ ಕೆಲಸ ಮಾಡುವುದು ಪಿಎಚ್ 5, 6ರಲ್ಲಿ. ಗಾಜಿನ ಲೋಟದಲ್ಲಿ ಶೇ 95ರಷ್ಟು ಫ್ಲೋರೈಡ್ ತೆಗೆದದ್ದು ಊರಿನ ಬಾವಿ ನೀರಿನಲ್ಲಿ ಅರ್ಧವನ್ನೂ ತೆಗೆಯದಿರಬಹುದು.

2015ರಲ್ಲಿ ತಾಂಜಾನಿಯಾದ ಆಸ್ಕ್ವಾರ್ ಹಿಲೋಂಗಾ ಅವರ ನ್ಯಾನೋ ಫಿಲ್ಟರಿಗೆ ಬ್ರಿಟನ್ನಿನ ರಾಯಲ್ ಅಕಾಡೆಮಿ ಆಫ್ ಎಂಜಿನಿಯರಿಂಗ್ ಕೊಡುವ ಆಫ್ರಿಕಾ ಪ್ರಶಸ್ತಿ ಬಂತು. ಅದು ಆ ಪ್ರಶಸ್ತಿಯ ಮೊದಲ ವರ್ಷ. ಮರಳಿನ ಫಿಲ್ಟರ್ ಜೊತೆ ನ್ಯಾನೋ ಪದಾರ್ಥ ಸೇರಿಸಿ, ಆಯಾ ಊರಿನ ನೀರಿನ ದೋಷಕ್ಕೆ ತಕ್ಕಂತೆ ಹೊಂದಿಸುವ ಯೋಚನೆ ಅವರದು. ಎಲ್ಲ ಊರಿಗೂ ಒಂದೇ ಡಬ್ಬಿ ಸಾಗಿಸುವುದಕ್ಕಿಂತ ಇದು ಎಷ್ಟೋ ಮೇಲು. ಸೌರಶಕ್ತಿಯ ಪೊರೆ ಫಿಲ್ಟರುಗಳನ್ನೂ ಅರುಷಾ ಸುತ್ತ ಪರೀಕ್ಷಿಸಿದ್ದಾರೆ. ಅವುಗಳಲ್ಲಿ ನೀರೇನೋ ಚೆನ್ನಾಗಿ ಬರುತ್ತದೆ. ಆದರೆ ಹಿಂದೆ ಉಳಿಯುವ ನೀರಿನಲ್ಲಿ ಫ್ಲೋರೈಡ್ ಇನ್ನೂ ಗಟ್ಟಿಯಾಗಿರುತ್ತದೆ. ನಮ್ಮ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದ ಹಿಂದೆ ಚರಂಡಿಗೆ ಹರಿಯುವ ನೀರನ್ನು ನೋಡಿದವರಿಗೆ ಈ ತಲೆನೋವು ಹೊಸದಲ್ಲ.

ಕುಡಿಯುವ ನೀರೊಂದೇ ಅಲ್ಲ. ಉತ್ತರ ತಾಂಜಾನಿಯಾದಲ್ಲಿ ಹುರುಳಿಕಾಯಿ ಬೀಜ ಬೇಗ ಬೇಯಲೆಂದು ಮಗಡಿ ಎಂಬ ಸೋಡಾ ಉಪ್ಪನ್ನು ಹಾಕುತ್ತಾರೆ. ಸೋಡಾ ಸರೋವರಗಳ ಕಡೆಯಿಂದ ಬರುವ ಅದರಲ್ಲೂ ಫ್ಲೋರೈಡ್ ಇರುತ್ತದೆ. ಫಿಲ್ಟರ್ ಮಾತ್ರ ಎಣಿಸುವ ಯೋಜನೆಗಳ ಲೆಕ್ಕಕ್ಕೆ ಇದು ಸಿಗುವುದೇ ಇಲ್ಲ.

ಅಳೆಯುವ ಕೆಲಸಕ್ಕೆ 1966ರಲ್ಲೇ ಫ್ಲೋರೈಡ್ ಎಲೆಕ್ಟ್ರೋಡ್ ಬಂದಿದೆ. ನೀರಿಗೆ ಬಫರ್ (ಪಿಎಚ್ ಏರುಪೇರಾಗದಂತೆ ಹಿಡಿದಿಡುವ ದ್ರಾವಣ) ಬೆರೆಸಿ ಅದ್ದಿದರೆ ಫ್ಲೋರೈಡ್ ಎಷ್ಟಿದೆ ಎಂದು ಗೊತ್ತಾಗುತ್ತದೆ. ಅದಕ್ಕೊಬ್ಬ ತರಬೇತಿ ಪಡೆದವರು, ಕ್ಯಾಲಿಬ್ರೇಷನ್ ದ್ರಾವಣ, ತಿಂಗಳ ಸಂಬಳ ಬೇಕು. ಲಂಡನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ 2007ರಲ್ಲಿ ಶುರುಮಾಡಿದ ಪ್ಯಾನ್ ಆಫ್ರಿಕಾ ಕೆಮಿಸ್ಟ್ರಿ ನೆಟ್‌ವರ್ಕ್‌ನಂಥ ಪ್ರಯತ್ನಗಳು ಆಫ್ರಿಕಾದ ವಿಶ್ವವಿದ್ಯಾಲಯಗಳ ರಸಾಯನಶಾಸ್ತ್ರಜ್ಞರಿಗೆ ತರಬೇತಿ, ಸಂಪರ್ಕ ಒದಗಿಸಿವೆ. ಆದರೆ ಹಣ ಕೊಡುವವರಿಗೆ ಹೊಸ ಫಿಲ್ಟರ್ ಉದ್ಘಾಟನೆ ಕಾಣುತ್ತದೆ, ಹಳೆಯ ಫಿಲ್ಟರಿನ ನೀರನ್ನು ತಿಂಗಳಿಗೊಮ್ಮೆ ಅಳೆಯುವ ಲ್ಯಾಬ್ ಸಹಾಯಕ ಕಾಣುವುದಿಲ್ಲ. ಯೋಜನೆಯ ಅವಧಿ ಮೂರ್ನಾಲ್ಕು ವರ್ಷ. ಇದ್ದಿಲು ತುಂಬಿ ಬದಲಿಸುವ ಹೊತ್ತು ಬರುವುದು ಸಾಮಾನ್ಯವಾಗಿ ಲೆಕ್ಕಪತ್ರ ಮುಗಿದ ಮೇಲೆ. ತಾಂಜಾನಿಯಾದಲ್ಲಿ ಮಿತಿ 1.5ಕ್ಕೆ ಇಳಿದ ಮೇಲೆ ಆ ಅಳತೆಯ ಕೆಲಸ ಹೆಚ್ಚಿದೆ. ನಿನ್ನೆಯವರೆಗೆ ಪಾಸಾಗುತ್ತಿದ್ದ ಎಷ್ಟೋ ನಲ್ಲಿಗಳು ಈಗ ನಪಾಸಾಗುವ ಪಟ್ಟಿಯಲ್ಲಿವೆ.